ಕಾಶವ್ವ ಚಿಗವ್ವ ಮತ್ತು ಹತ್ತನೆಯ ಇಯತ್ತೆಯ ವಿಜ್ಞಾನ

ಪ್ರತಿ ವರ್ಷ ಮಳೆಗಾಲದ ಮೊದಲ ವಾರಗಳಲ್ಲಿ ನಾನು ಮಕ್ಕಳಿಗೆ ಮನೆಯಿಂದ ಒಂದೊಂದು ಉಳ್ಳಾಗಡ್ಡಿ ತರಲು ಹೇಳುತ್ತೇನೆ. ಸಿಂದಗಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಜೀವಕೋಶದ ಪಾಠವದು. ಉಳ್ಳಾಗಡ್ಡಿಯ ಎಸಳಿನ ಒಳಮೈಯಿಂದ ತೆಳ್ಳನೆಯ ಪೊರೆ ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಹಾಸಿ, ಒಂದು ಹನಿ ಅಯೋಡಿನ್ ಬಿಟ್ಟು ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ನಲವತ್ತು ಮಕ್ಕಳು ನಲವತ್ತು ಉಳ್ಳಾಗಡ್ಡಿ ಹೆಚ್ಚಿದ ಕೋಣೆಯಲ್ಲಿ ಎಲ್ಲರ ಕಣ್ಣಲ್ಲೂ ನೀರಿರುತ್ತದೆ. ಹಾಗಾಗಿ ನನ್ನ ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ. ಹಸಿ ಉಳ್ಳಾಗಡ್ಡಿಯ ಘಾಟು, ಅಯೋಡಿನ್ನಿನ ಆಸ್ಪತ್ರೆಯ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ಸಾಕು, ನಾನು ಗೊಳಸಂಗಿಯ ಆ ಮಣ್ಣಿನ ಮಾಳಿಗೆಯ ಮನೆಯಲ್ಲಿ, ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಚೌಕದ ಪಕ್ಕದಲ್ಲಿ, ಎಂಟನೆಯ ಇಯತ್ತೆಯ ಹುಡುಗಿಯಾಗಿ ಕೂತಿರುತ್ತೇನೆ. ಎದುರಿಗೆ ಅವ್ವನ ತಂಗಿ ಕಾಶವ್ವ ಚಿಗವ್ವ. ಹುಟ್ಟಿನಿಂದ ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಅವಳಿಗೆ ನಾನು ಒಂದು ಮಾತು ತಿಳಿಸಬೇಕಾಗಿತ್ತು. ‘ಇದರಲ್ಲಿ ನಿನ್ನ ತಪ್ಪೇನೂ ಇಲ್ಲ’ ಎಂಬ ಒಂದೇ ಒಂದು ಮಾತು. ಅದನ್ನು ತಿಳಿಸಲಿಕ್ಕೆಂದೇ ಅರ್ಧ ಆಯುಷ್ಯ ಹೆಣಗಿದವಳು ನಾನು.

ನಮ್ಮ ಅಪ್ಪ ಅವ್ವ ಇಂಡಿ ತಾಲೂಕಿನ ಲಚ್ಯಾಣದ ಹತ್ತಿರ ಹೊಲದಲ್ಲೇ ಮನೆ ಮಾಡಿಕೊಂಡಿದ್ದರು. ನಿಂಬೆ ತೋಟ. ಅಲ್ಲಿಂದ ಸಾಲಿಗೆ ದಿನಾ ನಡೆಯುವುದು ಹೆಣ್ಣುಮಕ್ಕಳಿಗೆ ಆಗದ ಮಾತೆಂದು ಅಕ್ಕ ಸುವರ್ಣಾಳನ್ನೂ ನನ್ನನ್ನೂ ಗೊಳಸಂಗಿಯಲ್ಲಿ ಅವ್ವನ ತವರುಮನೆಯಲ್ಲಿ ಬಿಟ್ಟಿದ್ದರು. ಆ ಮನೆಯಲ್ಲಿ ಇದ್ದವರು ಮೂವರು. ಅವ್ವನ ತಾಯಿ, ನಾವು ‘ಆಯಿ’ ಎಂದು ಕರೆಯುತ್ತಿದ್ದವಳು. ಅವ್ವನ ತಮ್ಮ ಈರಣ್ಣ ಮಾಮಾ. ಎಲ್ಲರಿಗಿಂತ ಕಿರಿಯಳು ಚಿಗವ್ವ. ಮಾಮಾನದು ಬಸವನ ಬಾಗೇವಾಡಿಯಲ್ಲಿ ನೀರೆತ್ತುವ ಮೋಟಾರು ರಿಪೇರಿ ಮಾಡುವ ಅಂಗಡಿ. ಸಂಜೆ ಅವನು ಬಂದರೆ ಗ್ರೀಸಿನ ವಾಸನೆ, ಆಯಿ ಹತ್ತಿರ ಹೋದರೆ ಎಲೆ ಅಡಿಕೆಯ ವಾಸನೆ, ಚಿಗವ್ವನ ಮಡಿಲಲ್ಲಿ ತಲೆಯಿಟ್ಟರೆ ಹಳೆಯ ಅರಿವೆಯ ವಾಸನೆ. ಅವಳು ಇಡೀ ಊರಿಗೆ ಕೌದಿ ಹೊಲಿದುಕೊಡುತ್ತಿದ್ದಳು. ಹರಿದ ಸೀರೆ, ಸವೆದ ಧೋತರ ಯಾರು ತಂದುಕೊಟ್ಟರೂ ನಾಲ್ಕು ವಾರದಲ್ಲಿ ಅದು ಹೊದೆಯುವ ಕೌದಿಯಾಗಿ ಹೊರಬೀಳುತ್ತಿತ್ತು. ನಿಮಗೂ ಇಂಥದೊಂದು ಮನೆ ಇದ್ದಿರಬೇಕು. ಕತ್ತಲಲ್ಲಿ ಕಣ್ಣು ಮುಚ್ಚಿ ನಡೆದರೂ ಯಾರು ಎಲ್ಲಿ ಕೂತಿದ್ದಾರೆಂದು ವಾಸನೆಯ ಮೇಲೆಯೇ ಹೇಳಬಹುದಾದ ಮನೆ. ಅಂಥ ಮನೆಗಳು ಹೋದವು.

ಮನೆಯಲ್ಲಿ ಚಿಗವ್ವನ ಸಲುವಾಗಿ ಒಂದು ಕೈಸನ್ನೆಯ ಭಾಷೆಯೇ ಬೆಳೆದಿತ್ತು. ಮೂಗಿನ ಬಲಗಡೆ ಬೆರಳು ಮುಟ್ಟಿಸಿದರೆ ಆಯಿ, ಅವಳ ನತ್ತಿನಿಂದ. ಗಾಳಿಯಲ್ಲಿ ತಂತಿ ಸುತ್ತಿದಂತೆ ಮಾಡಿದರೆ ಮಾಮಾ. ಎರಡು ಅಂಗೈ ತೆರೆದರೆ ಪುಸ್ತಕದ ಹುಳುವಾದ ಅಕ್ಕ. ಗಲ್ಲ ಉಬ್ಬಿಸಿದರೆ ನಾನು. ಸೂಜಿ ಏರಿಸಿ ಇಳಿಸಿದಂತೆ ಮಾಡಿದರೆ ಚಿಗವ್ವ. ಆ ಭಾಷೆಯಲ್ಲಿ ಬೈಗುಳವಿತ್ತು, ಚೇಷ್ಟೆಯಿತ್ತು, ನೆರೆಮನೆಯವರ ಚಾಡಿಯಿತ್ತು. ಇಲ್ಲದ್ದು ಏನೆಂದು ಆಮೇಲೆ ಗೊತ್ತಾಯಿತು.

ಅಕ್ಕ ಹೈಸ್ಕೂಲಿಗೆ ಬಂದ ಮೇಲೆ ಆ ಮನೆ ಅರ್ಧ ಪ್ರಯೋಗಶಾಲೆಯಾಯಿತು. ಸಾಲಿಯಲ್ಲಿ ಪ್ರಯೋಗಕ್ಕೆಂದು ಇದ್ದದ್ದು ಒಂದು ಬೀರು. ಅದರ ಕೀಲಿಯನ್ನು ಸೈನ್ಸ್ ಸರ್ ಜೇಬಿನಿಂದ ಹೊರಗೆ ತೆಗೆದದ್ದನ್ನು ಕಂಡವರಿಲ್ಲ. ಹಾಗಾಗಿ ನಮ್ಮ ಕೆಮಿಸ್ಟ್ರಿ ಅಡುಗೆಮನೆಯಲ್ಲಿ, ಬಯಾಲಜಿ ಹಿತ್ತಲಲ್ಲಿ ನಡೆಯುತ್ತಿತ್ತು. ಅಪ್ಪ ಕಳಿಸಿದ ನಿಂಬೆಹಣ್ಣೇ ನಮ್ಮ ಆಮ್ಲ, ಅರಿಶಿನ ಹಚ್ಚಿದ ಬಿಳಿ ಅರಿವೆಯೇ ಬಣ್ಣ ಬದಲಿಸಿ ತೋರಿಸುವ ಕಾಗದ. ಮಾಮಾ ಗೊಬ್ಬರದ ಅಂಗಡಿಯಿಂದ ಮೈಲುತುತ್ತ ತಂದುಕೊಟ್ಟ. ಅದರ ನೀಲಿ ನೀರಿನಲ್ಲಿ ಕಬ್ಬಿಣದ ಮೊಳೆ ತಾಮ್ರದ ಬಣ್ಣಕ್ಕೆ ತಿರುಗಿದಾಗ ಅವನು, “ಹಿಂಗ ಎಲ್ಲಾ ಕಬ್ಬಿಣನೂ ತಾಮ್ರ ಆಗಿದ್ರ ನಾ ಯಾಕ ಅಂಗಡಿ ಇಡತಿದ್ದೆ?” ಎಂದು ನಕ್ಕ. ಆಯಿಯ ಸುಣ್ಣದ ಡಬ್ಬಿ ದಿನ ಬಿಟ್ಟು ದಿನ ಬರಿದಾಗುತ್ತಿತ್ತು. ಸುಣ್ಣವನ್ನು ನೀರಿನಲ್ಲಿ ಕದಡಿ, ಮೇಲಿನ ತಿಳಿಯನ್ನು ಬಸಿದು, ಪಪ್ಪಾಯಿ ಎಲೆಯ ದಂಟಿನಿಂದ ಅದಕ್ಕೆ ಉಸಿರು ಊದಿದರೆ ತಿಳಿ ನೀರು ಹಾಲಿನಂತಾಗುತ್ತದೆ. ನಾವು ಇಬ್ಬರೂ ಊದಿ, ಬೆಳ್ಳಗಾದದ್ದನ್ನು ನೋಡಿ, ಪಾಠ ಮುಗಿಯಿತೆಂದು ಎದ್ದೆವು. ಚಿಗವ್ವ ಏಳಲಿಲ್ಲ. ಅವಳು ಊದುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಅಕ್ಕನ ಸೆರಗು ಹಿಡಿದು ಎಳೆದು ತೋರಿಸಿದಳು: ಹಾಲಿನಂಥ ನೀರು ಮತ್ತೆ ತಿಳಿಯಾಗಿತ್ತು. ಪುಸ್ತಕದಲ್ಲಿ ಅದು ಇರಲಿಲ್ಲ. ಅಕ್ಕ ಸರ್‌ಗೆ ಹೇಳಿದಾಗ ಅವರು ಬೆರಗಾಗಿ, “ಇದು ಪಿಯುಸಿಯೊಳಗ ಬರತೈತಿ. ಯಾರು ಕಂಡು ಹಿಡದ್ರು?” ಎಂದರಂತೆ. ನಮ್ಮ ಮನೆಯಲ್ಲಿ ಸಾಲಿಯ ಮುಖ ನೋಡದವಳು ಕಂಡುಹಿಡಿದಿದ್ದಳು.

ಉಳ್ಳಾಗಡ್ಡಿಯ ಪೊರೆ ಬಿಡಿಸಿ, ಮಾಮಾ ಗಾಯಕ್ಕೆಂದು ತಂದಿಟ್ಟ ಅಯೋಡಿನ್ನಿನ ಹನಿ ಬಿಡುವುದಂತೂ ಅವಳದೇ ಕೆಲಸ. ನಾವು ಬಿಡಿಸಿದರೆ ಹರಿಯುತ್ತಿತ್ತು, ಮಡಚುತ್ತಿತ್ತು. ಅವಳು ಬಿಡಿಸಿದ್ದನ್ನು ಊದಿದರೆ ಹಾರಬೇಕು, ಅಷ್ಟು ತೆಳು. ದಾಸವಾಳದ ಹೂವನ್ನು ಉದ್ದಕ್ಕೆ ಸೀಳಿ ಅಂಡಾಶಯ ತೋರಿಸುವುದು, ಮೊಳಕೆಯೊಡೆದ ಕಡಲೆಯ ಬೇರು ಕತ್ತರಿಸುವುದು, ಎಲ್ಲವೂ ಅವಳದೇ. ಅಕ್ಕನ ರೆಕಾರ್ಡ್ ಪುಸ್ತಕ ಜಿಲ್ಲೆಯಿಂದ ಬಂದ ಸಾಹೇಬರ ಕೈಗೆ ಹೋಗಿ ಶಭಾಸ್ ಅನ್ನಿಸಿಕೊಂಡು ಬಂತು. ಅವತ್ತು ಅಕ್ಕ ಆ ಪುಸ್ತಕವನ್ನು ಚಿಗವ್ವನ ಮಡಿಲಲ್ಲಿಟ್ಟು ಕಾಲಿಗೆ ಬಿದ್ದಳು. ಚಿಗವ್ವ ನಗುವಾಗ ಒಂದು ಸದ್ದು ಬರುತ್ತಿತ್ತು, ಅವಳಿಗೇ ಕೇಳದ ಸದ್ದು. ನಾನು ಕೇಳಿದ ಸದ್ದುಗಳಲ್ಲಿ ಅಷ್ಟು ಖುಷಿಯ ಸದ್ದು ಇನ್ನೊಂದಿಲ್ಲ.

ಹತ್ತನೆಯ ಇಯತ್ತೆಯ ಕೊನೆಗೆ ಅನುವಂಶೀಯತೆಯ ಪಾಠ ಬಂತು. ಬಟಾಣಿ ಗಿಡ, ಎತ್ತರ ಗಿಡ್ಡ, ಎದ್ದು ಕಾಣುವ ಗುಣ, ಅಡಗಿ ಕೂಡುವ ಗುಣ. ಸರ್ ಫಲಕದ ಮೇಲೆ ಒಂದು ಮನೆತನದ ನಕ್ಷೆ ಬರೆದರಂತೆ. ಗಂಡಸಿಗೆ ಚೌಕ, ಹೆಂಗಸಿಗೆ ಗುಂಡು, ದೋಷವಿದ್ದವರಿಗೆ ಕಪ್ಪು ತುಂಬಬೇಕು. ಒಂದೇ ರಕ್ತದೊಳಗೆ ಕೊಟ್ಟು ತಂದರೆ ಅಡಗಿದ ಗುಣ ಎರಡೂ ಕಡೆಯಿಂದ ಬಂದು ಕೂಡುವ ಸಂಭವ ಹೆಚ್ಚು ಎಂದರಂತೆ. ಅಕ್ಕ ಎದ್ದು ನಿಂತು, “ಹಂಗಾದ್ರ ಸೋದರಮಾವನ್ನ ಮಾಡಿಕೊಂಡ್ರ ಏನಾಗತೈತ್ರಿ ಸರ್?” ಎಂದು ಕೇಳಿದಳು. ಸರ್ ಮಾಡಿಕೊಂಡದ್ದು ತಮ್ಮ ಅಕ್ಕನ ಮಗಳನ್ನೇ. ಅವರು ಕೆಮ್ಮಿ, ಫಲಕ ಒರೆಸಿ, “ಅದು ಪರೀಕ್ಷಾಕ್ಕ ಬರೂದಿಲ್ಲ, ಕುಂದರವಾ” ಎಂದರು.

ಆದರೆ ಅಕ್ಕನಿಗೆ ಅದೊಂದೇ ಪರೀಕ್ಷೆಯಾಗಿತ್ತು. ಅವಳು ಹುಟ್ಟಿದ ದಿನವೇ ಆಯಿ, ಈರಣ್ಣನಿಗೆ ಹೆಣ್ಣು ಹುಟ್ಟಿತು ಎಂದು ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ನಮ್ಮಲ್ಲಿ ಅದು ಪದ್ಧತಿ. ಯಾರೂ ಅದನ್ನು ಅನ್ಯಾಯವೆಂದುಕೊಂಡವರಲ್ಲ. ಆಯಿಯನ್ನೂ ಅವಳ ಸೋದರಮಾವನಿಗೇ ಕೊಟ್ಟಿದ್ದರು. ಮಾಮಾ ಕೆಟ್ಟವನಾಗಿದ್ದರೆ ಸುಲಭವಿತ್ತು. ಅವನು ಅಕ್ಕನನ್ನು ಹೆಗಲ ಮೇಲೆ ಹೊತ್ತು ಸಾಲಿಗೆ ಬಿಟ್ಟವನು. ಅಕ್ಕನಿಗೆ ಅವನೆಂದರೆ ಜೀವ, ಆದರೆ ಆ ಜೀವ ಬೇರೆ. ರೆಕಾರ್ಡ್ ಪುಸ್ತಕದ ಹಿಂಬದಿಯಲ್ಲಿ ಅವಳು ನಮ್ಮ ಮನೆತನದ ನಕ್ಷೆ ಬರೆದಳು. ಆಯಿಯ ಹೊಟ್ಟೆಯಲ್ಲಿ ಹುಟ್ಟಿದವರು ನಾಲ್ವರು. ನಮ್ಮ ಅವ್ವ, ಆಮೇಲೆ ಒಬ್ಬ ಮಗ, ಅವನಿಗೂ ಕಿವಿ ಕೇಳುತ್ತಿರಲಿಲ್ಲ, ಆರನೆಯ ವರ್ಷಕ್ಕೆ ಜ್ವರದಲ್ಲಿ ಹೋದ, ಆಮೇಲೆ ಮಾಮಾ, ಕೊನೆಗೆ ಚಿಗವ್ವ. ಒಂದು ಚೌಕ ಕಪ್ಪು, ಒಂದು ಗುಂಡು ಕಪ್ಪು. ಅಕ್ಕ ಪೆನ್ಸಿಲ್ ಕೆಳಗಿಟ್ಟು ನನ್ನ ಕೈ ಹಿಡಿದಳು. “ಗಿರಿಜಾ, ನನಗ ಓದೂದೈತಿ. ಇದು ಆಗಬಾರದು. ಯಾರಿಗೆ ಹೇಳ್ಲಿ?” ಎಂದಳು.

ಪರೀಕ್ಷೆ ಮುಗಿದ ವಾರಕ್ಕೆ ಅಪ್ಪ ಅವ್ವ ಎರಡು ಚೀಲ ನಿಂಬೆಹಣ್ಣು ಹೊತ್ತು ಬಂದರು. ಈಗ ಮದುವೆಯ ಮಾತು ಮುಗಿಸುವುದು, ಹದಿನೆಂಟು ತುಂಬಿದ ಮೇಲೆ ಅಕ್ಕಿಕಾಳು ಹಾಕುವುದು ಎಂದು ಗೊತ್ತಾಗಿತ್ತು. ಹಿರಿಯರ ಮುಂದೆ ನಕ್ಷೆ ಇಡೋಣ ಎಂದವಳು ನಾನು. ಆಯಿಗೆ ಅಕ್ಷರ ಬರುವುದಿಲ್ಲ, ಈ ಗುಂಡು ಚೌಕ ತಿಳಿಯುವುದಿಲ್ಲ, ಅವಳಿಗೆ ತಿಳಿಯುವಂತೆ ದೊಡ್ಡದಾಗಿ ಬರೆಯೋಣ ಎಂದವಳೂ ನಾನೇ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದೆ. ಆಯಿಯ ಗುಂಡಿಗೆ ನತ್ತು ಹಾಕಿದೆ. ಮಾಮಾನ ಚೌಕದಲ್ಲಿ ತಂತಿಯ ಸುರುಳಿ. ಅಕ್ಕನ ಗುಂಡಿನಲ್ಲಿ ತೆರೆದ ಪುಸ್ತಕ. ಚಿಗವ್ವನ ಗುಂಡಿನ ಪಕ್ಕದಲ್ಲಿ ಒಂದು ಸೂಜಿ ಬರೆದು, ಕಾಡಿಗೆ ಡಬ್ಬಿಯಿಂದ ಬೆರಳು ತುಂಬ ಕಾಡಿಗೆ ತೆಗೆದು ಆ ಗುಂಡನ್ನೂ ತೀರಿಹೋದ ಅವಳ ಅಣ್ಣನ ಚೌಕವನ್ನೂ ತುಂಬಿದೆ. ಅಂದವಾಗಿ ತುಂಬಿದೆ. ಗೆರೆ ದಾಟದ ಹಾಗೆ. ಆ ಕೆಲಸ ಮಾಡುವಾಗ ನನಗೆ ಹೆಮ್ಮೆಯಾಗಿತ್ತು. ಅದನ್ನು ಮುಚ್ಚಿಟ್ಟು ಏನು ಮಾಡಲಿ? ಮನೆಯಲ್ಲಿ ಅಕ್ಷರ ಬಾರದವರು ಇಬ್ಬರಿದ್ದಾರೆ, ಆ ಗುರುತುಗಳನ್ನು ಹುಟ್ಟಿಸಿದ್ದೇ ಇನ್ನೊಬ್ಬಳ ಸಲುವಾಗಿ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಪಡಸಾಲೆಯ ಗೋಡೆಗೆ ಅದನ್ನು ತೂಗುಹಾಕಿ ಅಕ್ಕ ಎಲ್ಲ ಹೇಳಿದಳು. ಅಪ್ಪ, “ಪುಸ್ತಕದ ಬದನಿಕಾಯಿ ಇದು. ಅಡಗಿಗೆ ಬರತೈತೇನು?” ಎಂದ. ಆಯಿ ಸಿಟ್ಟಿಗೆದ್ದು, “ನನ್ನೂ ನಮ್ಮ ಮಾಮಾಗ ಕೊಟ್ಟಿದ್ರು. ನಾ ಏನ ಕೆಟ್ಟೇನಿ? ದೇವರು ಕೊಟ್ಟದ್ದಕ್ಕ ನೀ ಲೆಕ್ಕಾ ಹಾಕ್ತೀಯೇನ ನಮ್ಮವ್ವ?” ಎಂದಳು. ಅವ್ವ ಸುಮ್ಮನೆ ಅಳುತ್ತಿದ್ದಳು. ಮಾಮಾ ಮಾತ್ರ ಎದ್ದು ಬಂದು ನಕ್ಷೆಯ ಮುಂದೆ ನಿಂತ. ಮೋಟಾರಿನ ಒಳಗಿನ ಸುತ್ತುಗಳನ್ನು ಎಣಿಸುವ ಹಾಗೆ ಒಂದೊಂದೇ ಗೆರೆಯ ಮೇಲೆ ಕಣ್ಣಾಡಿಸಿದ. ಆಮೇಲೆ ಅವ್ವನ ಕಡೆ ತಿರುಗಿ, “ಅಕ್ಕಾ, ಹುಡುಗಿ ಹೇಳೂದು ಖರೆ ಐತಿ. ನಾ ಒಲ್ಲೆ. ಆಕಿ ಓದಲಿ. ಇನ್ನ ಈ ಮಾತು ಯಾರೂ ತೆಗೀಬ್ಯಾಡ್ರಿ” ಎಂದ. ಅವನಷ್ಟು ದೊಡ್ಡ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ. ಅಕ್ಕ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾವು ಗೆದ್ದಿದ್ದೆವು.

ಚಿಗವ್ವ ಚಹಾದ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತದ್ದನ್ನು ಆಗ ನೋಡಿದೆ. ತಾಟನ್ನು ಕಟ್ಟೆಯ ಮೇಲಿಟ್ಟು ನಕ್ಷೆಯ ಹತ್ತಿರ ಬಂದಳು. ಚಿತ್ರವೆಂದರೆ ಅವಳಿಗೆ ಹಬ್ಬ. ನತ್ತು ನೋಡಿ ಆಯಿಯ ಕಡೆ ತಿರುಗಿ ನಕ್ಕಳು. ತಂತಿಯ ಸುರುಳಿ ನೋಡಿ ಮಾಮಾನ ಕಡೆ ತಿರುಗಿ ನಕ್ಕಳು. ಪುಸ್ತಕ ನೋಡಿದಳು. ಸೂಜಿಯ ಮೇಲೆ ಬೆರಳಿಟ್ಟಳು. ಪಕ್ಕದ ಕಪ್ಪು ನೋಡಿದಳು. ಅದರ ಆಚೆಗೆ ತೀರಿಹೋದ ಅಣ್ಣನ ಕಪ್ಪು ನೋಡಿದಳು. ಉಳಿದವರೆಲ್ಲ ಬೆಳ್ಳಗಿದ್ದರು. ಅವಳು ತಿರುಗಿ ನಮ್ಮ ಮುಖಗಳನ್ನು ನೋಡಿದಾಗ ನಾವು ಒಬ್ಬರಾದರೂ ಅವಳ ಕಣ್ಣಿಗೆ ಕಣ್ಣು ಕೊಡಬೇಕಾಗಿತ್ತು. ಎಲ್ಲರೂ ತಲೆ ಕೆಳಗೆ ಹಾಕಿದೆವು. ಅವಳು ಅಂಗೈಯಿಂದ ಆ ಕಪ್ಪನ್ನು ಒರೆಸಲು ನೋಡಿದಳು. ಕಾಡಿಗೆ ಕೈಗೆ ಹತ್ತಿತು. ಕೈಯನ್ನು ಬಹಳ ಹೊತ್ತು ನೋಡಿಕೊಂಡು, ಸೀರೆಗೆ ಒರೆಸಿಕೊಂಡು, ತಾಟು ಎತ್ತಿಕೊಂಡು ಎಲ್ಲರಿಗೂ ಚಹಾ ಕೊಟ್ಟಳು.

ಮರುದಿನ ಬೆಳಿಗ್ಗೆ ಹೆರಳು ಹಾಕಿಸಿಕೊಳ್ಳಲು ನಾನು ಅವಳ ಮುಂದೆ ಬೆನ್ನು ಮಾಡಿ ಕೂತೆ. ಅವಳು ಬಾಚಣಿಗೆಯನ್ನು ನೆಲದ ಮೇಲೆ ನನ್ನ ಕಡೆ ಸರಿಸಿದಳು. ಯಾಕೆ ಎಂದು ಸನ್ನೆ ಮಾಡಿದರೆ ತನ್ನ ಕೂದಲು ಮುಟ್ಟಿ ತೋರಿಸಿದಳು, ನಮ್ಮ ಮನೆಯಲ್ಲಿ ಅದಕ್ಕೆ ಕಪ್ಪು ಎಂದರ್ಥ. ಆಮೇಲೆ ತನ್ನ ಎದೆ ಮುಟ್ಟಿದಳು. ಆಮೇಲೆ ನನ್ನನ್ನು ತೋರಿಸಿ ಬೇಡವೆಂದು ಕೈಯಾಡಿಸಿದಳು. ತನ್ನ ಕಪ್ಪು ಮುಟ್ಟಿದವರಿಗೆ ಹತ್ತುತ್ತದೆ ಎಂದು ಅವಳು ತಿಳಿದುಕೊಂಡಿದ್ದಳು. ಸುವರ್ಣಾಳ ಸಂಬಂಧ ಮುರಿದದ್ದು, ಮಾಮಾ ಒಬ್ಬನೇ ಉಳಿದದ್ದು, ಅವ್ವ ಅತ್ತದ್ದು ಎಲ್ಲ ತನ್ನಿಂದ ಎಂದು. ಅಡುಗೆ ಮಾಡುತ್ತಿದ್ದಳು, ಆದರೆ ರೊಟ್ಟಿಯನ್ನು ಕೈಗೆ ಕೊಡುತ್ತಿರಲಿಲ್ಲ, ಬುಟ್ಟಿಯಲ್ಲಿಟ್ಟು ದೂರ ಸರಿಯುತ್ತಿದ್ದಳು. ಊರವರ ಕೌದಿ ಹೊಲಿದಳು, ನಮಗೆ ಹೊಲಿಯಲಿಲ್ಲ. ಅಕ್ಕ ಅವಳ ಕೈ ಹಿಡಿದು ತನ್ನ ಗಲ್ಲಕ್ಕೆ ಒತ್ತಿಕೊಳ್ಳಲು ಹೋದರೆ ಬೆಂಕಿ ತಾಗಿದವಳಂತೆ ಕೈ ಕಸಿದುಕೊಂಡು ಹಿತ್ತಲಿಗೆ ಓಡಿದಳು. ಆಯಿ ಅದನ್ನು ನೋಡಿ ನನ್ನ ಬೆನ್ನಿಗೆ ಗುದ್ದಿ, “ಚಿತ್ರಾ ತಗದಿ ನೋಡು, ನನ್ನ ಮಗಳ್ನ ಜೀವಂತ ಹುಗದಿ” ಎಂದಳು. ಆ ಮಾತು ಸುಳ್ಳೆಂದು ನಾನು ಇವತ್ತಿಗೂ ಹೇಳಲಾರೆ.

ನಾನು ಬಿಡಲಿಲ್ಲ. ಬಿಳಿ ದಾರ ಕಪ್ಪು ದಾರ ಹಿಡಿದು ಕೂತು ತೋರಿಸಿದೆ: ಆಯಿ ಒಂದು ಎಳೆ ಕೊಟ್ಟಳು, ಅಜ್ಜ ಒಂದು ಎಳೆ ಕೊಟ್ಟ, ಎರಡು ಕೂಡಿದವು, ನೀನು ಏನೂ ಮಾಡಲಿಲ್ಲ. ಬಟಾಣಿ ಕಾಳು ಹರವಿ ತೋರಿಸಿದೆ. ಅವಳ ಮುಂದೆ ನನ್ನ ಕೈಗೂ ಮುಖಕ್ಕೂ ಕಾಡಿಗೆ ಬಳಿದುಕೊಂಡು, ತೊಳೆದುಕೊಂಡು, ನೋಡು ಹೋಗುತ್ತದೆ ಎಂದೆ. ಅವಳು ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸಿದಳು, ದೊಡ್ಡವರು ಮಕ್ಕಳ ಮಾತಿಗೆ ಆಡಿಸುವ ಹಾಗೆ. ಆಮೇಲೆ ನಾನು ಕೂತ ಜಾಗ ತಪ್ಪಿಸಿ ಕೂತಳು. ಹತ್ತುವುದು ಎನ್ನುವುದಕ್ಕೆ ನಮ್ಮಲ್ಲಿ ಸನ್ನೆ ಇತ್ತು; ಹುಟ್ಟಿನಿಂದ ಬರುವುದು ಎನ್ನುವುದಕ್ಕೆ ಇರಲಿಲ್ಲ. ನಾನು ಬಿ.ಎಸ್ಸಿ. ಓದಿದ್ದು, ಬಿ.ಎಡ್. ಮಾಡಿದ್ದು ಎಲ್ಲ ಈ ಒಂದು ಪಾಠವನ್ನು ಒಬ್ಬಳೇ ಒಬ್ಬ ವಿದ್ಯಾರ್ಥಿನಿಗೆ ಕಲಿಸುವುದಕ್ಕೆ ಎಂದರೆ ನಗಬೇಡಿ. ವಿಜಯಪುರದ ಕಿವುಡ ಮಕ್ಕಳ ಸಾಲಿಯ ಟೀಚರೊಬ್ಬರನ್ನು ಕರೆತಂದೆ. ಅವರ ಸನ್ನೆ ಬೇರೆ, ಚಿಗವ್ವನದು ಬೇರೆ. ಅವಳು ಅವರಿಗೆ ಚಹಾ ಮಾಡಿ, ಲೋಟ ಕೆಳಗಿಟ್ಟು ಸರಿದು ನಿಂತಳು.

ಪುಸ್ತಕ ಹೇಳಿದ್ದೆಲ್ಲ ಸರಿಯಾಗಿಯೇ ನಡೆಯಿತು. ಅಕ್ಕ ನರ್ಸಿಂಗ್ ಓದಿದಳು. ತಂಗಡಗಿಯ ಕಡೆಯ, ಸಂಬಂಧವೇ ಇಲ್ಲದ ಮನೆತನಕ್ಕೆ ಸೊಸೆಯಾಗಿ ಈಗ ಮುದ್ದೇಬಿಹಾಳದಲ್ಲಿದ್ದಾಳೆ. ಮಾಮಾ ತಡವಾಗಿ ಮದುವೆಯಾದ. ಅಕ್ಕನ ಮಗನಿಗೂ ಮಾಮಾನ ಇಬ್ಬರು ಮಕ್ಕಳಿಗೂ ಕಿವಿ ಚುರುಕು. ಅಕ್ಕ ಬಾಣಂತಿಯಾಗಿದ್ದಾಗ ಚಿಗವ್ವ ಬಿಸಿನೀರು ಕಾಸಿದಳು, ಅರಿವೆ ಒಗೆದಳು, ಕೂಸಿದ್ದ ಕೋಣೆಯ ಹೊಸ್ತಿಲ ಒಳಗೆ ಬರಲಿಲ್ಲ. ಮಾಮಾನ ಮಕ್ಕಳು ಅವಳ ಕಣ್ಣೆದುರಿಗೇ ಅಂಬೆಗಾಲಿಟ್ಟು ಬೆಳೆದವು. ಅವು ಹತ್ತಿರ ಬಂದರೆ ಎದ್ದು ಹೋಗುತ್ತಿದ್ದಳು, ಬಿದ್ದರೆ ಚಪ್ಪಾಳೆ ಹೊಡೆದು ಬೇರೆಯವರನ್ನು ಕರೆಯುತ್ತಿದ್ದಳು. ಎತ್ತಿಕೊಳ್ಳಲಿಲ್ಲ. ಒಂದು ದಿನವೂ ಎತ್ತಿಕೊಳ್ಳಲಿಲ್ಲ. ಆಯಿ ಹೋದಳು. ಮಣ್ಣಿನ ಮನೆ ಬಿಚ್ಚಿಸಿ ಮಾಮಾ ಸ್ಲ್ಯಾಬಿನ ಮನೆ ಕಟ್ಟಿಸಿದ. ಪಡಸಾಲೆ, ಬೆಳಕಿಂಡಿ, ಬಿಸಿಲಿನ ಚೌಕ ಏನೂ ಉಳಿಯಲಿಲ್ಲ.

ಹೋದ ವರ್ಷ ಚಿಗವ್ವ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗಡ್ಡೆ, ಹೊತ್ತು ಮೀರಿತ್ತು. ನಾನು ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಹೋದೆ. ಬೇಕೆಂದೇ ಹೋದೆ. ನನ್ನಿಂದಾಗದ್ದು ಮಗುವಿನಿಂದ ಆದೀತೆಂದು, ಇನ್ನು ದಿನವಿಲ್ಲವೆಂದು, ಆಸೆ ಬಿಟ್ಟವಳ ಆಸೆಯಿಂದ ಹೋದೆ. ಮಗುವನ್ನು ಅವಳ ಪಕ್ಕದಲ್ಲಿ ಕೂಡಿಸಿದೆ. ಸರಿದುಕೊಳ್ಳಲು ಅವಳಿಗೆ ತ್ರಾಣವಿರಲಿಲ್ಲ. ಮಗು ಆಡುತ್ತ ಆಡುತ್ತ ಅವಳ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಒಂದು ಗಳಿಗೆ ಚಿಗವ್ವನ ಮುಖ ಹಳೆಯ ಮುಖವಾಯಿತು. ಎಷ್ಟು ವರ್ಷಗಳ ಮೇಲೆ ಒಂದು ಮಗು ಅವಳನ್ನು ಮುಟ್ಟಿತ್ತು! ಆಮೇಲೆ ಅವಳ ಕಣ್ಣುಗಳಲ್ಲಿ ಭಯ ತುಂಬಿತು. ಇನ್ನೊಂದು ಕೈಗೆ ಸೆರಗು ಸುತ್ತಿಕೊಂಡು, ಮಗುವಿನ ಒಂದೊಂದೇ ಬೆರಳನ್ನು ಬಿಡಿಸಿದಳು. ತಲೆದಿಂಬಿನ ಹತ್ತಿರವಿದ್ದ ನೀರಿನ ತಂಬಿಗೆ ತೋರಿಸಿದಳು. ತೊಳೆ ಎಂದು. ನಾನು ಇಲ್ಲ ಎಂದು ತಲೆಯಾಡಿಸಿದೆ, ಅಳುತ್ತ ಅವಳ ಕೈಯನ್ನು ಬಾಚಿ ಮುದ್ದಿಟ್ಟೆ. ಅವಳ ಗಂಟಲಿನಿಂದ ಒಂದು ಸದ್ದು ಹೊರಟಿತು, ಉಸಿರು ಏರತೊಡಗಿತು, ಕಣ್ಣು ತಂಬಿಗೆಯಿಂದ ಮಗುವಿಗೆ, ಮಗುವಿನಿಂದ ತಂಬಿಗೆಗೆ ಓಡಾಡಿತು. ಮಾಮಾ ಬಾಗಿಲಲ್ಲಿ ನಿಂತು, “ತೊಳದಬಿಡವಾ ಗಿರಿಜಾ. ಆಕಿ ಸಂಕಟ ನೋಡಾಕಾಗವಲ್ದು” ಎಂದ. ವಿಜ್ಞಾನದ ಟೀಚರ್ ಆದ ನಾನು ಮಗಳ ಅಂಗೈ ಬಿಚ್ಚಿ ನೀರು ಹಾಕಿ ತೊಳೆದೆ. ಚಿಗವ್ವ ಕಣ್ಣೆವೆ ಬಡಿಯದೆ ನೋಡುತ್ತಿದ್ದಳು. ಸಾಲದೆಂದು ಎರಡು ಬೆರಳೆತ್ತಿ ತೋರಿಸಿದಳು. ಇನ್ನೊಮ್ಮೆ ತೊಳೆದೆ. ಆಮೇಲೆ ಅವಳ ಮುಖ ಸಡಿಲವಾಯಿತು, ಸಮಾಧಾನದಿಂದ ಕಣ್ಣು ಮುಚ್ಚಿದಳು.